ಫರ್ಡಿನೆಂಡ್ ಕಿಟ್ಟೆಲ್

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ (1832–1903) ಜರ್ಮನಿಯಲ್ಲಿ ಜನಿಸಿ, ಬಾಸೆಲ್ ಮಿಷನ್ ಸಂಸ್ಥೆಯ ಧರ್ಮಪ್ರಚಾರಕರಾಗಿ ಕರ್ನಾಟಕಕ್ಕೆ ಬಂದು, ಕನ್ನಡದ ನಿಘಂಟುಕಾರರಾಗಿ ಚಿರಸ್ಮರಣೀಯರಾದ ವಿದ್ವಾಂಸರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡ ಬೃಹತ್ ಗ್ರಂಥ. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಮೊದಲಾದ ಪ್ರಾಚೀನ ಶಾಸ್ತ್ರಗ್ರಂಥಗಳನ್ನು ಸಂಪಾದಿಸಿದ ಕೀರ್ತಿಯೂ ಅವರದು. ಹೊಸಗನ್ನಡದ ಬಳಕೆಯಿಂದ ಮರೆಯಾಗಿದ್ದ ಱ ಮತ್ತು ೞ ಎಂಬ ಎರಡು ಅಕ್ಷರಗಳನ್ನು ಅವರು ತಮ್ಮ ಗ್ರಂಥಗಳಲ್ಲಿ ಪ್ರತ್ಯೇಕವಾಗಿ ಉಳಿಸಿಕೊಂಡರು. ಕನ್ನಡ ಲಿಪಿಯು ಗಣಕಯಂತ್ರವನ್ನು ಪ್ರವೇಶಿಸಿದ ಮೇಲೆ ಅವರ ಈ ಕಾರ್ಯದ ಮಹತ್ತ್ವ ಇನ್ನಷ್ಟು ಸ್ಪಷ್ಟವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕಿಟ್ಟೆಲರು 1832ರ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿಯ ವಾಯವ್ಯ ಭಾಗದಲ್ಲಿರುವ ಪೂರ್ವ ಫ್ರೀಸ್ಲೆಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಉತ್ತರ ಸಮುದ್ರದ ತೀರಕ್ಕೆ ಸಮೀಪದ ಪ್ರದೇಶವಿದು. ತಂದೆ ಕ್ರೈಸ್ತ ಪಾದ್ರಿಗಳಾಗಿದ್ದರು. ಬಾಲ್ಯದಲ್ಲಿಯೇ ಕಿಟ್ಟೆಲರಿಗೆ ಭಾಷೆಗಳ ಕಡೆಗೆ ಒಲವಿತ್ತು. ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಪ್ರಾಚೀನ ಭಾಷೆಗಳನ್ನೂ ಇಂಗ್ಲಿಷ್, ಫ್ರೆಂಚ್ ಭಾಷೆಗಳನ್ನೂ ಅವರು ಕಲಿತಿದ್ದರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಮಿಷನ್ ವಿದ್ಯಾಲಯವನ್ನು ಸೇರಿ ಅಲ್ಲಿ ಧರ್ಮಶಾಸ್ತ್ರದ ಶಿಕ್ಷಣವನ್ನು ಪಡೆದರು. 1853ರಲ್ಲಿ ಭಾರತಕ್ಕೆ ನಿಯುಕ್ತರಾಗಿ ಹಡಗನ್ನೇರಿದಾಗ ಅವರ ವಯಸ್ಸು ಕೇವಲ 21.

ಕರ್ನಾಟಕದಲ್ಲಿ

ಬಾಸೆಲ್ ಮಿಷನ್ನಿನ ಕಾರ್ಯ ಕರಾವಳಿಯಲ್ಲಿ 1834ರಲ್ಲಿ ಮಂಗಳೂರಿನಿಂದ ಆರಂಭವಾಗಿತ್ತು. ಅಲ್ಲಿಂದ ಅದು ಧಾರವಾಡ, ಹುಬ್ಬಳ್ಳಿ, ಉಡುಪಿ, ಕೊಡಗುಗಳಿಗೂ ಮಲಬಾರಿಗೂ ಹಬ್ಬಿತು. ಕಿಟ್ಟೆಲರು ಮೊದಲಿಗೆ ಧಾರವಾಡ ಸೀಮೆಯಲ್ಲಿ ನೆಲೆಸಿ ಕನ್ನಡವನ್ನು ಕಲಿಯತೊಡಗಿದರು. ಮುಂದೆ ಮಂಗಳೂರು ಮತ್ತು ಮಡಿಕೇರಿಗಳಲ್ಲಿ ದೀರ್ಘಕಾಲ ವಾಸವಾಗಿದ್ದರು. ಉತ್ತರದ ಬಯಲುಸೀಮೆ, ತೆಂಕಣ ಕರಾವಳಿ, ಮಲೆನಾಡಿನ ಕೊಡಗು ಎಂಬ ಮೂರು ಬೇರೆ ಬೇರೆ ನೆಲೆಗಳ ಮಾತನ್ನು ಹತ್ತಿರದಿಂದ ಕೇಳುವ ಅವಕಾಶ ಇದರಿಂದ ಅವರಿಗೆ ದೊರೆಯಿತು. ನಿಘಂಟಿನ ಪದಸಂಪತ್ತಿಗೆ ಈ ಅಲೆದಾಟವೂ ಒಂದು ಆಕರವಾಯಿತು.

ಅವರಿಗಿಂತ ಮೊದಲೇ ಬಂದಿದ್ದ ಹರ್ಮನ್ ಮೋಗ್ಲಿಂಗರು ಕಿಟ್ಟೆಲರಿಗೆ ಮಾರ್ಗದರ್ಶಕರಂತಿದ್ದರು. ದೇಶೀಯರೊಡನೆ ದೇಶೀಯರಂತೆಯೇ ಬಾಳಬೇಕು, ಅವರ ಸಾಹಿತ್ಯವನ್ನು ಅವರಂತೆಯೇ ತಿಳಿಯಬೇಕು ಎಂಬುದು ಮೋಗ್ಲಿಂಗರ ನಿಲುವಾಗಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರ ಜುಲೈ 1ರಂದು ಹೊರತಂದವರು ಅವರೇ. ಬಿಬ್ಲಿಯೋತೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಅಚ್ಚುಹಾಕಿಸಿದವರೂ ಅವರೇ.

ಕಿಟ್ಟೆಲರು ಇದೇ ದಾರಿಯಲ್ಲಿ ಇನ್ನೂ ಮುಂದೆ ಸಾಗಿದರು. ಆದರೆ ಧರ್ಮಪ್ರಚಾರಕ್ಕೆ ಬಂದವರು ಓಲೆಗರಿಗಳ ಕಾವ್ಯ, ವ್ಯಾಕರಣ, ಛಂದಸ್ಸುಗಳಲ್ಲಿ ಇಷ್ಟೊಂದು ಕಾಲವನ್ನು ಕಳೆಯುವುದು ಸಂಸ್ಥೆಯ ಹಿರಿಯರಿಗೆಲ್ಲ ಒಪ್ಪಿಗೆಯಾಗಲಿಲ್ಲ. ಮತಾಂತರದ ಲೆಕ್ಕದಲ್ಲಿ ನೋಡಿದರೆ ಕಿಟ್ಟೆಲರ ಸಾಧನೆ ಗಣನೀಯವಾಗಿರಲಿಲ್ಲ. ಪ್ರಚಾರಕರಾಗಿ ಅವರು ವಿಫಲರೆಂದೇ ಸಮಕಾಲೀನರಲ್ಲಿ ಕೆಲವರು ಭಾವಿಸಿದ್ದರು. ಆದರೂ ಅವರು ಹಿಡಿದ ಅಧ್ಯಯನವನ್ನು ಬಿಡಲಿಲ್ಲ.

1860ರಲ್ಲಿ ಅವರು ಪೌಲೀನ್ ಐಟ್ ಎಂಬವರನ್ನು ವಿವಾಹವಾದರು. ಕೆಲವೇ ವರ್ಷಗಳಲ್ಲಿ ಪತ್ನಿ ತೀರಿಕೊಂಡ ಬಳಿಕ ಆಕೆಯ ತಂಗಿ ವಿಲ್‌ಹೆಲ್ಮೀನ್ ಜೂಲಿಯವರನ್ನು ವರಿಸಿದರು.

ಮಂಗಳೂರಿನ ಮುದ್ರಣಾಲಯ

ಕಿಟ್ಟೆಲರ ಕೃತಿಗಳ ಹಿನ್ನೆಲೆಯಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಪಾತ್ರ ದೊಡ್ಡದು. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಈ ಮುದ್ರಣಾಲಯಕ್ಕೆ ಮುಂದಿನ ದಶಕದ ಆರಂಭದಲ್ಲಿ ಲೋಹದ ಅಚ್ಚುಮೊಳೆಗಳು ಬಂದವು. ಕಲ್ಲಚ್ಚಿನಲ್ಲಿ ಲಿಪಿಕಾರನು ಬರೆದ ಬರಹವೇ ಇಡಿಯಾಗಿ ಕಲ್ಲಿನ ಮೇಲೆ ಮೂಡುತ್ತದೆ. ಆದುದರಿಂದ ಯಾವ ಅಕ್ಷರವನ್ನಾದರೂ ಅಚ್ಚುಹಾಕಬಹುದು. ಮೊಳೆಯಚ್ಚಿನಲ್ಲಿ ಹಾಗಲ್ಲ. ಪ್ರತಿಯೊಂದು ಅಕ್ಷರಕ್ಕೂ, ಕಾಗುಣಿತದ ರೂಪಕ್ಕೂ, ಒತ್ತಕ್ಷರಕ್ಕೂ ಬೇರೆ ಬೇರೆ ಮೊಳೆಯನ್ನು ಎರಕ ಹೊಯ್ಯಬೇಕು. ಮೊಳೆ ಜೋಡಿಸುವವನ ಎದುರಿನ ಪೆಟ್ಟಿಗೆಯಲ್ಲಿ ಅದಕ್ಕೊಂದು ಮನೆ ಇರಬೇಕು. ಮನೆಯಿಲ್ಲದ ಅಕ್ಷರ ಪುಟಕ್ಕೆ ಬರುವಂತಿಲ್ಲ.

ಕನ್ನಡಕ್ಕೆ ಎಷ್ಟು ಅಕ್ಷರಗಳು, ಅವುಗಳ ಕ್ರಮವೇನು, ಯಾವುದು ಸ್ವತಂತ್ರ ಅಕ್ಷರ, ಯಾವುದು ಇನ್ನೊಂದರ ರೂಪಾಂತರ ಎಂಬ ಪ್ರಶ್ನೆಗಳು ಹೀಗೆ ಕೇವಲ ವ್ಯಾಕರಣದ ಪ್ರಶ್ನೆಗಳಾಗಿ ಉಳಿಯದೆ ಅಚ್ಚುಕೂಟದ ಪ್ರಶ್ನೆಗಳೂ ಆದವು. ಇದೇ ಮುದ್ರಣಾಲಯದಿಂದ 1872ರಲ್ಲಿ ಹರ್ಮನ್ ಗುಂಡರ್ಟರ ಮಲಯಾಳ ನಿಘಂಟು ಮತ್ತು ಬ್ರಿಗೆಲರ ತುಳು ವ್ಯಾಕರಣ, 1886ರಲ್ಲಿ ಮ್ಯಾನರರ ತುಳು ನಿಘಂಟು ಹೊರಬಂದವು. ದ್ರಾವಿಡ ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಒಂದು ವಿದ್ವತ್ಪರಂಪರೆಯೇ ಮಂಗಳೂರಿನಲ್ಲಿ ರೂಪುಗೊಂಡಿತ್ತು.

ಸಾಹಿತ್ಯ ರಚನೆ ಮತ್ತು ಗ್ರಂಥಸಂಪಾದನೆ

1862ರಲ್ಲಿ ಪ್ರಕಟವಾದ ಕಥಾಮಾಲೆ ಕಿಟ್ಟೆಲರ ಆರಂಭದ ಕೃತಿಗಳಲ್ಲೊಂದು. ಯೇಸುಕ್ರಿಸ್ತನ ಚರಿತೆಯನ್ನು ಇಲ್ಲಿ ಅವರು ಕನ್ನಡದ ದೇಶೀ ಛಂದೋಬಂಧಗಳಲ್ಲಿ ನಿರೂಪಿಸಿದ್ದಾರೆ. ಪರಭಾಷೆಯವರೊಬ್ಬರು ಹತ್ತು ವರ್ಷಗಳೊಳಗೆ ಷಟ್ಪದಿಯಂತಹ ಬಂಧವನ್ನು ಕೈವಶ ಮಾಡಿಕೊಂಡುದು ಅವರ ಪರಿಶ್ರಮಕ್ಕೆ ಸಾಕ್ಷಿ.

1872ರಲ್ಲಿ ಅವರು ಸಂಪಾದಿಸಿದ ಶಬ್ದಮಣಿದರ್ಪಣ ಮಂಗಳೂರಿನಲ್ಲಿ ಪ್ರಕಟವಾಯಿತು. 13ನೆಯ ಶತಮಾನದ ಕೇಶಿರಾಜನು ಹಳಗನ್ನಡ ಕವಿಗಳ ಪ್ರಯೋಗಗಳನ್ನು ಆಧರಿಸಿ ಬರೆದ ಈ ವ್ಯಾಕರಣವು ಕನ್ನಡದ ವರ್ಣಮಾಲೆಯ ವಿಚಾರದಲ್ಲಿ ಪ್ರಮಾಣಗ್ರಂಥ. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ವಿಸ್ತಾರವಾದ ಇಂಗ್ಲಿಷ್ ಪ್ರಸ್ತಾವನೆಯೊಡನೆ ಹೊರತಂದರು. ಅದರಲ್ಲಿ ಅಳವಡಿಸಿದ ಕನ್ನಡ ಸಾಹಿತ್ಯದ ಸಮೀಕ್ಷೆಯು ಆ ವಿಷಯದಲ್ಲಿ ನಡೆದ ಮೊತ್ತಮೊದಲ ಪ್ರಯತ್ನಗಳಲ್ಲಿ ಒಂದು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬರಲು ಇನ್ನೂ ಮೂವತ್ತು ವರ್ಷಗಳಿಗೂ ಮಿಗಿಲಾದ ಕಾಲವಿತ್ತು. ಸಂಸ್ಕೃತ ಕೋಶಗಳಲ್ಲಿ ಸೇರಿಹೋಗಿರುವ ದ್ರಾವಿಡ ಪದಗಳ ಕುರಿತೂ ಕಿಟ್ಟೆಲರು ಲೇಖನಗಳನ್ನು ಬರೆದರು.

ನಿಘಂಟು

ಕಿಟ್ಟೆಲರಿಗಿಂತ ಮೊದಲು ಕನ್ನಡ–ಇಂಗ್ಲಿಷ್ ನಿಘಂಟುಗಳು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಅವರ ನಿಘಂಟು 1832ರಲ್ಲಿ, ಅಂದರೆ ಕಿಟ್ಟೆಲರು ಹುಟ್ಟಿದ ವರ್ಷದಲ್ಲಿಯೇ, ಮದರಾಸಿನಲ್ಲಿ ಪ್ರಕಟವಾಗಿತ್ತು. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅವರು ಅದನ್ನು ಪರಿಷ್ಕರಿಸಿದ್ದರು. ಆದರೆ ಹಳಗನ್ನಡ ಕಾವ್ಯಗಳ ಪದಗಳಾಗಲಿ, ಆಡುಮಾತಿನ ಪದಗಳಾಗಲಿ, ಪದಗಳ ಮೂಲವಾಗಲಿ ಅವುಗಳಲ್ಲಿ ಸಾಕಷ್ಟು ದೊರೆಯುತ್ತಿರಲಿಲ್ಲ.

ಈ ಕೊರತೆಯನ್ನು ತುಂಬುವ ಕಾರ್ಯದಲ್ಲಿ ಕಿಟ್ಟೆಲರು ಸುಮಾರು ಎರಡು ದಶಕಗಳನ್ನು ಕಳೆದರು. ಓಲೆಗರಿಯ ಹಸ್ತಪ್ರತಿಗಳು, ಅಚ್ಚಾದ ಕಾವ್ಯಗಳು, ಶಾಲಾಪುಸ್ತಕಗಳು, ದಾಸರ ಪದಗಳು, ಶಾಸನಗಳು, ಗಾದೆಗಳು, ಜನರ ದಿನಬಳಕೆಯ ಮಾತು ಎಲ್ಲವೂ ಅವರಿಗೆ ಆಕರಗಳಾದವು. ದೇಶೀಯ ಪಂಡಿತರ ನೆರವನ್ನು ಅವರು ಪಡೆದರು. ನಡುವೆ ಸ್ವದೇಶಕ್ಕೆ ಮರಳಿದ್ದರೂ ನಿಘಂಟಿನ ಸಲುವಾಗಿಯೇ ಮತ್ತೆ ಭಾರತಕ್ಕೆ ಬಂದರು. 1892ರಲ್ಲಿ ಕೊನೆಯದಾಗಿ ಭಾರತವನ್ನು ಬಿಟ್ಟು ಟ್ಯೂಬಿಂಗೆನ್ ನಗರದಲ್ಲಿ ನೆಲೆಸಿದರು. 1894ರಲ್ಲಿ 1,752 ಪುಟಗಳ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು.

ನಿಘಂಟಿನಲ್ಲಿ ಪದವನ್ನು ಮೊದಲು ಕನ್ನಡ ಲಿಪಿಯಲ್ಲಿ, ಬಳಿಕ ರೋಮನ್ ಲಿಪಿಯಲ್ಲಿ ನೀಡಲಾಗಿದೆ. ತತ್ಸಮ, ತದ್ಭವ, ದೇಶ್ಯಗಳ ವಿವೇಚನೆಯಿದೆ. ತಮಿಳು, ತೆಲುಗು, ಮಲಯಾಳ, ತುಳು ಮೊದಲಾದ ಭಾಷೆಗಳ ಜ್ಞಾತಿಪದಗಳ ಸೂಚನೆಯಿದೆ. ಪದವು ಪ್ರಯೋಗವಾದ ಗ್ರಂಥದ ಹೆಸರನ್ನು ಸಂಕ್ಷಿಪ್ತವಾಗಿ ತೋರಿಸಲಾಗಿದೆ. ಹಳಗನ್ನಡದ ಪಾಲ್ ಎಂಬುದು ಹೊಸಗನ್ನಡದಲ್ಲಿ ಹಾಲು ಆದಂತೆ ರೂಪ ಬದಲಾದ ಕಡೆಗಳಲ್ಲಿ ಒಂದು ರೂಪದಿಂದ ಇನ್ನೊಂದಕ್ಕೆ ಓದುಗರನ್ನು ಕಳುಹಿಸುವ ಏರ್ಪಾಡಿದೆ.

ನಿಘಂಟಿಗೆ ಅದರ ಕಾಲದ ಮಿತಿಗಳೂ ಇದ್ದವು. ಕವಿರಾಜಮಾರ್ಗ ಮತ್ತು ಪಂಪಭಾರತಗಳು ಅಚ್ಚಾದದ್ದು 1898ರಲ್ಲಿ, ಅಂದರೆ ನಿಘಂಟು ಹೊರಬಂದ ನಾಲ್ಕು ವರ್ಷಗಳ ಬಳಿಕ. ಹಲವು ಪ್ರಾಚೀನ ಕಾವ್ಯಗಳು ಇನ್ನೂ ಓಲೆಗರಿಗಳಲ್ಲಿಯೇ ಇದ್ದವು. ಕನ್ನಡ ಸಾಹಿತ್ಯದ ಆರಂಭದ ದೊಡ್ಡ ಗ್ರಂಥಗಳ ಮುದ್ರಿತ ಪಾಠಗಳಿಲ್ಲದೆಯೇ ಇಷ್ಟು ವ್ಯಾಪಕವಾದ ಪದಸಂಗ್ರಹ ಸಿದ್ಧವಾಯಿತೆಂಬುದು ಗಮನಾರ್ಹ.

ಱ ಮತ್ತು ೞ ಅಕ್ಷರಗಳು

ಹಳಗನ್ನಡದಲ್ಲಿ ರಕಾರವಲ್ಲದೆ ಱ ಎಂಬ ಇನ್ನೊಂದು ಅಕ್ಷರವಿತ್ತು. ವೈಯಾಕರಣರು ಇದನ್ನು ಶಕಟರೇಫವೆಂದು ಕರೆದರು. ಳಕಾರವಲ್ಲದೆ ೞ ಎಂಬ ಅಕ್ಷರವಿತ್ತು. ಇದಕ್ಕೆ ರಳವೆಂದು ಹೆಸರು. ಸಂಸ್ಕೃತದಿಂದ ಬಂದ ಪದಗಳ ಳಕಾರವನ್ನು ಕ್ಷಳವೆಂದೂ ಅಚ್ಚಗನ್ನಡ ಪದಗಳ ಸಹಜ ಳಕಾರವನ್ನು ಕುಳವೆಂದೂ ಕೇಶಿರಾಜನು ವಿಂಗಡಿಸುತ್ತಾನೆ. ಅವನ ಕಾಲಕ್ಕಾಗಲೇ ಜನರ ಉಚ್ಚಾರಣೆಯಲ್ಲಿ ರಳ ಮತ್ತು ಕುಳಗಳು ಬೆರೆತುಹೋಗತೊಡಗಿದ್ದವು. ಆದರೆ ಕಾವ್ಯದಲ್ಲಿ ಆದಿಪ್ರಾಸವನ್ನು ತಪ್ಪಿಲ್ಲದೆ ಪಾಲಿಸಬೇಕಾದರೆ ಎಲ್ಲಿ ಯಾವುದೆಂಬ ತಿಳಿವು ಕವಿಗೆ ಬೇಕಿತ್ತು. ಆ ಕಾರಣದಿಂದ ಕೇಶಿರಾಜನು ರಳವುಳ್ಳ ಪದಗಳನ್ನು ಪಟ್ಟಿಮಾಡಿಕೊಟ್ಟನು.

ಈ ಅಕ್ಷರಗಳು ಅರ್ಥಭೇದವನ್ನೂ ಕಾಯುತ್ತಿದ್ದವು. ಕರೆ ಎಂದರೆ ಕೂಗಿ ಬರಮಾಡು, ಕಱೆ ಎಂದರೆ ಹಾಲು ಹಿಂಡು. ತೆರೆ ಎಂದರೆ ಅಲೆ, ತೆಱೆ ಎಂದರೆ ಬಾಗಿಲು ಮೊದಲಾದುದನ್ನು ತೆಗೆ. ಉಳಿ ಎಂದರೆ ಕೆತ್ತುವ ಉಪಕರಣ, ಉೞಿ ಎಂದರೆ ಬಾಕಿಯಾಗು. ಆಳ್ ಎಂದರೆ ಸೇವಕ, ಆೞ್ ಎಂದರೆ ಮುಳುಗು. ಹೊಸಗನ್ನಡದಲ್ಲಿ ಈ ಜೋಡಿಗಳು ಒಂದೇ ಬಗೆಯಲ್ಲಿ ಬರೆಯಲ್ಪಡುತ್ತವೆ. ಅರ್ಥವನ್ನು ಸಂದರ್ಭದಿಂದ ಊಹಿಸಬೇಕಾಗುತ್ತದೆ.

ಮರೆಯಾದ ಅಕ್ಷರಗಳನ್ನು ಹೊಸಗನ್ನಡದ ಬರವಣಿಗೆಗೆ ಅನುಗುಣವಾಗಿ ರ, ಳಗಳಲ್ಲಿ ಸೇರಿಸಿಬಿಟ್ಟಿದ್ದರೆ ನಿಘಂಟಿನ ಕೆಲಸವೂ ಮೊಳೆ ಜೋಡಿಸುವವರ ಕೆಲಸವೂ ಸುಲಭವಾಗುತ್ತಿತ್ತು. ಕಿಟ್ಟೆಲರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಪ್ರಾಚೀನ ರೂಪದಲ್ಲಿ ಱ ಅಥವಾ ೞ ಇದ್ದ ಪದಗಳನ್ನು ಆ ಅಕ್ಷರಗಳಿಂದಲೇ ಬರೆದು, ಹೊಸ ರೂಪದೊಡನೆ ಅದರ ಸಂಬಂಧವನ್ನು ತೋರಿಸಿದರು. ಮಳೆ, ಕೋಳಿ, ಬಾಳೆ ಎಂಬ ನಿತ್ಯದ ಪದಗಳ ಹಿಂದೆ ಮೞೆ, ಕೋೞಿ, ಬಾೞೆ ಎಂಬ ರೂಪಗಳಿದ್ದುವೆಂಬುದು ಇದರಿಂದ ಓದುಗರಿಗೆ ತಿಳಿಯುವಂತಾಯಿತು.

ಈ ವಿವೇಚನೆಗೆ ಸೋದರ ಭಾಷೆಗಳು ಬೆಂಬಲ ನೀಡುತ್ತವೆ. ತಮಿಳು, ಮಲಯಾಳಗಳಲ್ಲಿ ರಳದ ಧ್ವನಿ ಇಂದಿಗೂ ಜೀವಂತವಾಗಿದೆ. ತುಳುವಿನಲ್ಲಿ ಅದು ಹಲವು ಪದಗಳಲ್ಲಿ ರಕಾರವಾಗಿದೆ. ಕನ್ನಡದ ಕೋಳಿ ತುಳುವಿನಲ್ಲಿ ಕೋರಿ, ಬಾಳೆ ಎಂಬುದು ಬಾರೆ, ಹುಳು ಎಂಬುದು ಪುರಿ. ಉಡುಪಿ, ಅಲೆವೂರು, ಮಣಿಪಾಲ, ಕಾಪು, ಕಾರ್ಕಳಗಳ ಸುತ್ತಮುತ್ತ ಕನ್ನಡ ಮತ್ತು ತುಳು ಎರಡನ್ನೂ ಆಡುವ ಮನೆಗಳಲ್ಲಿ ಈ ಜೋಡಿಗಳು ದಿನವೂ ಕಿವಿಗೆ ಬೀಳುತ್ತವೆ. ಒಂದು ಭಾಷೆಯ ಳಕಾರ ಇನ್ನೊಂದರಲ್ಲಿ ರಕಾರವಾಗಿರುವ ಕಾರಣ ಎರಡಕ್ಕೂ ಮೂಲವಾದ ರಳದಲ್ಲಿದೆ. ಬರವಣಿಗೆಯಿಂದ ರಳವನ್ನು ಅಳಿಸಿಬಿಟ್ಟರೆ ಈ ಬಾಂಧವ್ಯವನ್ನು ತೋರಿಸುವ ಸಾಕ್ಷಿಯೇ ಇಲ್ಲವಾಗುತ್ತದೆ.

ಕೊನೆಯ ವರ್ಷಗಳು

ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಎಪ್ಪತ್ತರ ಸಮೀಪಕ್ಕೆ ಬಂದಿದ್ದರೂ ಅವರು ವಿಶ್ರಮಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂಬ ಮೂರು ಅವಸ್ಥೆಗಳನ್ನೂ ಒಟ್ಟಿಗೆ ನಿರೂಪಿಸುವ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿದರು. ಶಬ್ದಮಣಿದರ್ಪಣವನ್ನು ಆಧಾರವಾಗಿಟ್ಟುಕೊಂಡ ಈ ಗ್ರಂಥದಲ್ಲಿ, ಆ ವೇಳೆಗೆ ಪ್ರಕಟವಾಗತೊಡಗಿದ್ದ ಶಾಸನಗಳ ಸಾಕ್ಷ್ಯವನ್ನೂ ಬಳಸಿಕೊಂಡು ಅಕ್ಷರಗಳ ಚರಿತ್ರೆಯನ್ನು ಪರಿಶೀಲಿಸಿದ್ದಾರೆ. ಗ್ರಂಥವು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಕಿಟ್ಟೆಲರು ಟ್ಯೂಬಿಂಗೆನ್ನಿನಲ್ಲಿ ನಿಧನರಾದರು.

ಗಣಕಯಂತ್ರದಲ್ಲಿ ಱ ಮತ್ತು ೞ

ಅಚ್ಚುಮೊಳೆಯ ಪೆಟ್ಟಿಗೆಯಲ್ಲಿ ಅಕ್ಷರಕ್ಕೊಂದು ಮನೆ ಬೇಕಿದ್ದಂತೆ ಗಣಕಯಂತ್ರದಲ್ಲಿ ಅಕ್ಷರಕ್ಕೊಂದು ಸಂಖ್ಯೆ ಬೇಕು. ಯಂತ್ರವು ಅಕ್ಷರದ ಆಕಾರವನ್ನು ಅರಿಯದು. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಗೊತ್ತುಪಡಿಸುವ ಕ್ರಮವೇ ಅಕ್ಷರ ಸಂಕೇತೀಕರಣ. ಆರಂಭದ ವರ್ಷಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕುಳ್ಳಿರಿಸುವ ತಂತ್ರ ಬಳಕೆಯಲ್ಲಿತ್ತು. ಒಂದು ಅಕ್ಷರಶೈಲಿಯಲ್ಲಿ ಬರೆದ ಕಡತ ಇನ್ನೊಂದರಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಭಾರತೀಯ ಲಿಪಿಗಳಿಗೆ ಸಮಾನ ವ್ಯವಸ್ಥೆಯಾಗಿ ಇಸ್ಕಿ ಎಂಬ ಸಂಕೇತ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾಯಿತು. ಅದರ 1988ರ ರೂಪವನ್ನು ಆಧರಿಸಿಯೇ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡ ಮೊದಲಾದ ಲಿಪಿಗಳಿಗೆ ಸ್ಥಾನ ದೊರೆಯಿತು.

ಯೂನಿಕೋಡಿನಲ್ಲಿ ಱ ಅಕ್ಷರವು ರಕಾರದ ಮಗ್ಗುಲಿನಲ್ಲಿಯೇ ಇದೆ. ರಕಾರದ ಸಂಖ್ಯೆ 3248, ಱ ಅಕ್ಷರದ ಸಂಖ್ಯೆ 3249. ಲಕಾರ 3250, ಳಕಾರ 3251. ತಮಿಳು, ಮಲಯಾಳಗಳ ಕೋಷ್ಟಕಗಳಲ್ಲಿ ಳಕಾರದ ಮರುಮನೆಯೇ ರಳದ್ದು. ಕನ್ನಡದಲ್ಲಿ ಆ ಮನೆ, ಅಂದರೆ 3252, ಖಾಲಿಯಾಗಿದೆ. ೞ ಅಕ್ಷರವನ್ನು ಕೋಷ್ಟಕದಲ್ಲಿ ದೂರದ 3294ನೆಯ ಮನೆಯಲ್ಲಿ ಇರಿಸಲಾಗಿದೆ. ಅಷ್ಟೇ ಅಲ್ಲ, ಅದಕ್ಕೆ ಕೊಟ್ಟ ಇಂಗ್ಲಿಷ್ ಹೆಸರು ಕನ್ನಡದ ಫ ಅಕ್ಷರವೆಂಬ ಅರ್ಥದ್ದು. ಫಾರಸಿ, ಇಂಗ್ಲಿಷ್ ಪದಗಳ ಫಕಾರವನ್ನು ಕನ್ನಡದಲ್ಲಿ ಫ ಅಕ್ಷರದ ಕೆಳಗೆ ಚುಕ್ಕಿಗಳನ್ನಿಟ್ಟು ಬರೆಯುವುದು ರೂಢಿ. ರಳಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಹೆಸರು ಬದಲಾದರೆ ಅದನ್ನು ನೆಚ್ಚಿಕೊಂಡ ತಂತ್ರಾಂಶಗಳು ಕೆಡಬಹುದೆಂಬುದೇ ಇದಕ್ಕೆ ಕಾರಣ. ಹೀಗಾಗಿ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ತಿದ್ದುಪಡಿಯ ಪರ್ಯಾಯನಾಮವಾಗಿ ದಾಖಲಿಸಲಾಗಿದೆ. ಹೆಸರು ತಪ್ಪಾದರೂ ಅಕ್ಷರಕ್ಕೆ ಪ್ರತ್ಯೇಕ ಮನೆ ದೊರೆತುದು ಕನ್ನಡದ ಭಾಗ್ಯ. ತೆಲುಗಿನ ರಳಕ್ಕೆ ಯೂನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು 2014ರಲ್ಲಿ. ಹಳಗನ್ನಡ ಬರಹದ ನಕಾರಪೊಲ್ಲು ಎಂಬ ಚಿಹ್ನೆ 2021ರಲ್ಲಿ ಸೇರ್ಪಡೆಯಾಯಿತು.

ಅಂತರಜಾಲದಲ್ಲಿ ಹಳಗನ್ನಡ ಪದವೊಂದನ್ನು ಹುಡುಕುವಾಗ ಈ ಸಂಖ್ಯೆಗಳು ಕೆಲಸಕ್ಕೆ ಬರುತ್ತವೆ. ಓದುಗನ ಯಂತ್ರವು ದೂರದ ಯಂತ್ರಕ್ಕೆ ಕೋರಿಕೆಯನ್ನು ಕಳುಹಿಸುವ ವಿಧಾನಗಳಲ್ಲಿ ಗೆಟ್ ಮತ್ತು ಪೋಸ್ಟ್ ಎಂಬ ಎರಡು ಮುಖ್ಯ. ಗೆಟ್ ವಿಧಾನದಲ್ಲಿ ಹುಡುಕುವ ಪದವು ಪುಟದ ವಿಳಾಸದಲ್ಲಿಯೇ ಸೇರಿ ಹೋಗುತ್ತದೆ. ವಿಳಾಸವನ್ನು ಇನ್ನೊಬ್ಬರಿಗೆ ಕಳುಹಿಸಿದರೆ ಅವರಿಗೂ ಅದೇ ಪುಟ ತೆರೆಯುತ್ತದೆ. ಪೋಸ್ಟ್ ವಿಧಾನದಲ್ಲಿ ಬರಹವು ವಿಳಾಸದಲ್ಲಿ ಕಾಣಿಸದೆ ಕೋರಿಕೆಯ ಒಡಲಿನಲ್ಲಿ ಹೋಗುತ್ತದೆ. ಉದ್ದವಾದ ಬರಹವನ್ನು ಸೇರಿಸುವಾಗ, ತಿದ್ದುವಾಗ ಇದು ಅನುಕೂಲ. ಪತ್ರವ್ಯವಹಾರಕ್ಕೆ ಹೋಲಿಸುವುದಾದರೆ ಮೊದಲನೆಯದು ವಿಳಾಸದ ಮಗ್ಗುಲಲ್ಲೇ ವಿಷಯವನ್ನು ಬರೆದ ಅಂಚೆಕಾರ್ಡು, ಎರಡನೆಯದು ಲಕೋಟೆಯೊಳಗಿನ ಕಾಗದ.

ವಿಳಾಸದಲ್ಲಿ ಕನ್ನಡ ಅಕ್ಷರ ನೇರವಾಗಿ ಸಾಗುವಂತಿಲ್ಲ. ಯುಟಿಎಫ್-8 ಎಂಬ ಕ್ರಮದಂತೆ ಪ್ರತಿ ಕನ್ನಡ ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟ್‌ಗಳು. ೞ ಅಕ್ಷರವು 224, 179, 158 ಎಂಬ ಮೂರು ಸಂಖ್ಯೆಗಳಾಗುತ್ತದೆ. ಪ್ರತಿಯೊಂದು ಬೈಟ್ ಅನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಸಂಕೇತಾಕ್ಷರಗಳಿಂದ ಬರೆಯಬೇಕಾದುದರಿಂದ ಒಂದು ಅಕ್ಷರವು ವಿಳಾಸದಲ್ಲಿ ಒಂಬತ್ತು ಸಂಕೇತಗಳಾಗಿ ಹಿಗ್ಗುತ್ತದೆ. ಮೞೆ ಎಂಬ ಪದದಲ್ಲಿ ಮ, ೞ ಮತ್ತು ಎತ್ವದ ಚಿಹ್ನೆ ಸೇರಿ ಮೂರು ಘಟಕಗಳಿವೆ. ಅದು 9 ಬೈಟ್‌ಗಳಾಗಿ, 27 ಸಂಕೇತಗಳ ಸಾಲಾಗಿ ಪ್ರಯಾಣ ಮಾಡುತ್ತದೆ. ಕಳುಹಿಸಿದ ಯಂತ್ರ ಒಂದು ಸಂಕೇತೀಕರಣವನ್ನೂ ಪಡೆದ ಯಂತ್ರ ಇನ್ನೊಂದನ್ನೂ ಬಳಸಿದರೆ ಪದಕ್ಕೆ ಬದಲಾಗಿ ಪ್ರಶ್ನಾರ್ಥಕ ಚಿಹ್ನೆಗಳೋ ಅರ್ಥವಿಲ್ಲದ ಅಕ್ಷರಗಳೋ ಕಾಣಿಸಿಕೊಳ್ಳುತ್ತವೆ.

ಎಲ್ಲವೂ ಸರಿಯಾಗಿದ್ದಾಗಲೂ ಒಂದು ತೊಡಕು ಉಳಿಯುತ್ತದೆ. ಓದುಗನು ಮಳೆ ಎಂದು ಬರೆದು ಹುಡುಕಿದರೆ ಯಂತ್ರವು ಮೞೆಯನ್ನು ತಾನಾಗಿ ತೋರಿಸದು. 3251 ಬೇರೆ, 3294 ಬೇರೆ. ಎರಡು ರೂಪಗಳು ಒಂದೇ ಪದದವು ಎಂಬುದನ್ನು ಯಾರಾದರೂ ಬಲ್ಲವರು ಯಂತ್ರಕ್ಕೆ ಕಲಿಸಬೇಕು. ಹಾಗೆಂದು ಎರಡು ಅಕ್ಷರಗಳನ್ನು ಎಲ್ಲೆಡೆಯೂ ಒಂದೆಂದು ಎಣಿಸಿದರೆ ಉಳಿ ಮತ್ತು ಉೞಿಗಳ ಭೇದ ಅಳಿಯುತ್ತದೆ. ಬರಿಯ ಸಂಖ್ಯೆಯ ಕ್ರಮದಂತೆ ಪದಗಳನ್ನು ಜೋಡಿಸಿದರೆ ರಳವು ಳಕಾರದ ಬಳಿಗೆ ಬರದೆ ಹಕಾರದಿಂದಲೂ ಆಚೆಗೆ ಹೋಗುತ್ತದೆ. ಅಕ್ಷರವನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು, ಹಳೆಯ ರೂಪದಿಂದ ಹೊಸ ರೂಪಕ್ಕೆ ದಾರಿ ತೋರಿಸುವುದು ಎಂಬ ಎರಡು ಕೆಲಸಗಳೂ ಇಲ್ಲಿ ಬೇಕಾಗುತ್ತವೆ. ಕಿಟ್ಟೆಲರ ನಿಘಂಟು ಇವೆರಡನ್ನೂ ಒಟ್ಟಿಗೆ ನಿರ್ವಹಿಸಿತ್ತು. ಯಂತ್ರಕ್ಕೆ ಬೇಕಾದ ಸಂಬಂಧಸೂಚಿ ಅದರ ಪುಟಗಳಲ್ಲಿ ಒಂದು ಶತಮಾನಕ್ಕೂ ಮೊದಲೇ ಸಿದ್ಧವಾಗಿತ್ತು.

ಪ್ರಭಾವ

ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಕಿಟ್ಟೆಲ್ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ–ಕನ್ನಡ ನಿಘಂಟು, ಕಿಟ್ಟೆಲರಿಗೆ ದೊರೆಯದಿದ್ದ ಕಾವ್ಯಗಳನ್ನೂ ಶಾಸನಗಳನ್ನೂ ಬಳಸಿಕೊಂಡು ಆ ಕಾರ್ಯವನ್ನು ಮುಂದುವರಿಸಿತು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ವಿದ್ವಾಂಸರು ಆರಂಭಿಸಿದ ಕೋಶಕಾರ್ಯ ಹೀಗೆ ದೇಶೀಯ ವಿದ್ವಾಂಸರ ಕೈಯಲ್ಲಿ ಬೆಳೆಯಿತು. ಕರಾವಳಿಯವರೇ ಆದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕನ್ನಡವನ್ನು ಗಣಕಯಂತ್ರದಲ್ಲಿ ಬರೆಯುವುದನ್ನು ಸುಲಭಗೊಳಿಸಿತು. ಆ ವಿನ್ಯಾಸವೇ ನುಡಿ ತಂತ್ರಾಂಶದಲ್ಲಿಯೂ ಬಳಕೆಯಾಗಿದೆ.

ಸ್ಮರಣೆ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಬಳಿ ಕಿಟ್ಟೆಲರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬಾಸೆಲ್ ಮಿಷನ್ನಿಗೆ ಸಂಬಂಧಿಸಿದ ಹಳೆಯ ಗ್ರಂಥಗಳೂ ದಾಖಲೆಗಳೂ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿವೆ. 1894ರ ನಿಘಂಟಿನ ಪುಟಗಳ ಚಿತ್ರರೂಪದ ಪ್ರತಿಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಚಿತ್ರರೂಪದಲ್ಲಿರುವ ಪುಟವನ್ನು ಓದಬಹುದಲ್ಲದೆ ಅದರೊಳಗಿನ ಪದವನ್ನು ಯಂತ್ರದಿಂದ ಹುಡುಕಲಾಗದು. ಅದಕ್ಕಾಗಿ ಪ್ರತಿ ಪದವನ್ನೂ ಅಕ್ಷರರೂಪಕ್ಕೆ ತರಬೇಕು. ಹಾಗೆ ಮಾಡುವಾಗ ಱ ಇದ್ದಲ್ಲಿ ರ, ೞ ಇದ್ದಲ್ಲಿ ಳ ಎಂದು ಬರೆದುಬಿಟ್ಟರೆ, ಮಂಗಳೂರಿನ ಅಚ್ಚುಕೂಟದಲ್ಲಿ ಮೊಳೆಮೊಳೆಯಾಗಿ ಉಳಿಸಿಕೊಂಡ ಭೇದ ಪುನಃ ಕಳೆದುಹೋಗುತ್ತದೆ.